ಸತ್ಯಾಂಶ: ಚಿಂಚೋಳಿ ಗುಡ್ಡದಡಿ ಜ್ವಾಲಾಮುಖಿ ಇದೆಯೇ?

ಚಿಂಚೋಳಿ ಗುಡ್ಡಗಳ ಕರಿಕಲ್ಲು ಜ್ವಾಲಾಮುಖಿಯದು, ಶಹಾಬಾದ್ ಕಲ್ಲೂ ಅದರದೇ, ಭೂಮಿ ನಡುಗಿದರೆ ಅದು ಮತ್ತೆ ಏಳುತ್ತಿದೆ ಎಂದರ್ಥ ಎಂಬ ವಾಟ್ಸ್‌ಆ್ಯಪ್ ಸಂದೇಶ ಕಲಬುರಗಿಯಲ್ಲಿ ಹರಿದಾಡುತ್ತಿದೆ.

ಕರಿಕಲ್ಲಿನ ಮಾತು ನಿಜ. ಅದು ಲಾವಾದಿಂದಲೇ ಆದದ್ದು. ಆದರೆ ಹೊರಬಂದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಅದೂ ನೆಲದ ಉದ್ದುದ್ದ ಬಿರುಕುಗಳಿಂದ. ಪದರದ ಮೇಲೆ ಪದರವಾಗಿ ಹರಡಿ ತಣ್ಣಗಾದ ಆ ಲಾವಾ ಇಂದಿಗೂ ದಖ್ಖನ್ನಿನ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಆವರಿಸಿದೆ. ಬೀದರ್ ಕೋಟೆಯ ಕಂದಕದಲ್ಲಿ ಕಾಣುವ ಕೆಂಪು ಜಂಬಿಟ್ಟಿಗೆ ಕೂಡ ಇದೇ ಕಲ್ಲು ಮಳೆ ಬಿಸಿಲಿಗೆ ಶಿಥಿಲವಾಗಿ ಆದದ್ದು. ಉಳಿದ ಕಬ್ಬಿಣದ ಅಂಶವೇ ಆ ಬಣ್ಣಕ್ಕೆ ಕಾರಣ.

ಶಹಾಬಾದ್ ಕಲ್ಲಿನ ವಿಷಯ ಶುದ್ಧ ತಪ್ಪು. ಹಾಸುಗಲ್ಲಿನ ಅಂಚನ್ನು ಒಮ್ಮೆ ನೋಡಿ, ತೆಳ್ಳಗಿನ ಪದರಗಳು ಕಾಣುತ್ತವೆ. ಲಾವಾ ಬರುವುದಕ್ಕೂ ಕೋಟ್ಯಂತರ ವರ್ಷ ಮೊದಲು ಆಳವಿಲ್ಲದ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು ಅದು. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೆ ಬೇಕಾದದ್ದೂ ಈ ಸುಣ್ಣವೇ.

ಇನ್ನು ನಡುಕ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮನೆಯೊಳಗೆ ಮಲಗಲು ಹೆದರಿದ್ದರು. ಆ ಭಯವನ್ನು ನಗೆಯಾಡುವಂತಿಲ್ಲ. ಆದರೆ ಭೂಕಂಪಕ್ಕೆ ಜ್ವಾಲಾಮುಖಿ ಬೇಕಿಲ್ಲ, ಆಳದ ಬಂಡೆಗಳು ಬಿರುಕಿನ ಗುಂಟ ಸರಿದರೆ ಸಾಕು. 1993ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಇದೇ ಕರಿಕಲ್ಲಿನ ನೆಲದಲ್ಲಿ ಆಯಿತು. ಲಾವಾ ಮಾತ್ರ ಎಲ್ಲೂ ಉಕ್ಕಲಿಲ್ಲ.