ಶಂಕರ್ ಕಥೆಯ ಹುಡುಗ, ನಿಜದವನಲ್ಲ
‘ಚಾಂದೇರ್ ಪಹಾಡ್’ ಬಂಗಾಳಿ ಸಿನಿಮಾ ನೋಡಿದವರಲ್ಲಿ ಒಂದು ಮಾತು ಓಡಾಡುತ್ತಿದೆ. ಇದು ನಿಜವಾಗಿ ನಡೆದದ್ದು, ಲೇಖಕರೇ ಆಫ್ರಿಕಾ ಸುತ್ತಿ ಬಂದು ಬರೆದದ್ದು ಅಂತ. ಹಾಗಲ್ಲ. ಸಿನಿಮಾದ ಮೂಲ ಕಾದಂಬರಿ ಬರೆದ ಬಿಭೂತಿಭೂಷಣ ಬಂದ್ಯೋಪಾಧ್ಯಾಯರು ಆಫ್ರಿಕಾಕ್ಕೆ ಹೋದವರೇ ಅಲ್ಲ. ಪ್ರವಾಸಿಗಳ ಬರಹ ಓದಿ, ಮಿಕ್ಕದ್ದನ್ನು ಕಲ್ಪಿಸಿಕೊಂಡು ಬರೆದರು. ಪುಸ್ತಕ ಬಂದದ್ದು 1937ರಲ್ಲಿ.

ಕಥಾನಾಯಕ ಶಂಕರ್ ಕೆಲಸಕ್ಕೆ ಸೇರುವ, ಪೂರ್ವ ಆಫ್ರಿಕಾದ ಉಗಾಂಡಾ ರೈಲ್ವೆ ಇದ್ದದ್ದು ನಿಜ. 1898ರಲ್ಲಿ ಅದರ ಕೆಲಸಗಾರರನ್ನು ಸಿಂಹಗಳು ತಿಂದದ್ದೂ ನಿಜ. ಶಂಕರ್, ಅವನ ಜೊತೆಗಾರ ಆಲ್ವಾರೆಜ್ ಮಾತ್ರ ಕಥೆಯವರು. ಕಥೆಯಲ್ಲಿ ಬರುವ ಭಯಂಕರ ಪ್ರಾಣಿ ಬುನಿಪ್ ಅಂತೂ ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಥೆಗಳ ಪ್ರಾಣಿ, ಆಫ್ರಿಕಾಕ್ಕೆ ಹೇಗೆ ಬಂತೋ!

ಇನ್ನೊಂದು, ಇದರ ಮುಂದುವರಿದ ಭಾಗವಾದ 2017ರ ಸಿನಿಮಾ ‘ಅಮೆಜಾನ್ ಅಭಿಯಾನ್’ ಬಿಭೂತಿಭೂಷಣರ ಕಾದಂಬರಿಯಲ್ಲ. ಅದರ ಕಥೆ ಎರಡೂ ಸಿನಿಮಾಗಳ ನಿರ್ದೇಶಕ ಕಮಲೇಶ್ವರ ಮುಖರ್ಜಿಯವರದು. ಲೇಖಕರು 1950ರಲ್ಲೇ ತೀರಿಕೊಂಡಿದ್ದರು.