ಕೋಟೆಯೂ ಬೇಡ, ಕಾಡೂ ಬೇಡ: ಮದುವೆಗೆ ಹೊಲವೇ ಸರಿ

ಕಲಬುರಗಿ, ಬೀದರ್ ಕಡೆ ಇಪ್ಪತ್ತೈದು ಮಂದಿಯೊಳಗೆ ಬಯಲಲ್ಲಿ ಮದುವೆ ಆಗಬೇಕೆನ್ನುವವರು ಮೊದಲು ನೋಡುವುದು ಕೋಟೆಯನ್ನು, ಇಲ್ಲವೇ ಕಾಡನ್ನು. ಎರಡನ್ನೂ ಬಿಡಿ. ಬೀದರ್ ಕೋಟೆ, ಅಷ್ಟೂರಿನ ಗುಮ್ಮಟಗಳು ಕೇಂದ್ರ ಪುರಾತತ್ವ ಇಲಾಖೆಯವು. ಅನುಮತಿ ಇಲ್ಲದೆ ಸಮಾರಂಭ ನಡೆಸುವಂತಿಲ್ಲ. ಚಿಂಚೋಳಿಯದು ವನ್ಯಜೀವಿಧಾಮ, ಒಳಗೆ ಹೋಗಲು ಪರವಾನಗಿ ಬೇಕು, ಬೆಂಕಿ ಹಚ್ಚುವುದಂತೂ ಅಪರಾಧ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೋಗಿ, ಚರಗ ಚೆಲ್ಲಿ, ಗಿಡದ ಕೆಳಗೆ ಕೂತು ಭಜ್ಜಿ ರೊಟ್ಟಿ ಉಣ್ಣುವ ನಮಗೆ ಹೊಲಕ್ಕಿಂತ ಒಳ್ಳೆಯ ಮಂಟಪ ಯಾವುದಿದೆ?

ಆದರೆ ಜಾಗಕ್ಕಿಂತ ಮೊದಲು ಕಾಗದ. 1954ರ ವಿಶೇಷ ವಿವಾಹ ಕಾಯ್ದೆಯಡಿ (ಯಾವ ಜಾತಿ, ಧರ್ಮದವರೂ ಅಧಿಕಾರಿಯ ಮುಂದೆ ಆಗಬಹುದಾದ ಮದುವೆ) ಆಗುವುದಾದರೆ, ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು, ಇಬ್ಬರೂ ಅಲ್ಲಿನ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅದು ಪ್ರಕಟವಾಗಿ 30 ದಿನ ಕಳೆದ ಮೇಲೆ ಮದುವೆ. ನೋಟಿಸ್ ಕೊಟ್ಟು ಮೂರು ತಿಂಗಳು ದಾಟಿದರೆ ಮತ್ತೆ ಮೊದಲಿನಿಂದ ಶುರು. ಅನೇಕರು ಎಡವುವುದು ಇಲ್ಲೇ: ನೋಟಿಸ್ ಕಚೇರಿಯ ಫಲಕಕ್ಕೆ ಬೀಳುತ್ತದೆ, ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಅಲ್ಲಿಗೂ ಹೋಗುತ್ತದೆ. ಗುಟ್ಟಾಗಿ ಉಳಿಯುವುದಿಲ್ಲ. ಮನೆಯವರಿಗೆ ನೀವೇ ಮೊದಲು ಹೇಳುವುದು ಮೇಲು. ಸಾಕ್ಷಿಗಳು ಮೂವರು ಬೇಕು. ಅಧಿಕಾರಿ ಹೆಚ್ಚುವರಿ ಶುಲ್ಕ ಪಡೆದು ಹತ್ತಿರದ ಜಾಗಕ್ಕೆ ಬರಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೂ ಬೆಳಿಗ್ಗೆ ಕಚೇರಿಯಲ್ಲಿ ಸಹಿ, ಸಂಜೆ ಹೊಲದಲ್ಲಿ ಹಾರ ಅನ್ನುವ ಏರ್ಪಾಟು ಸಲೀಸು.

ಹಿಂದೂ ವಿವಾಹ ಕಾಯ್ದೆಯಡಿ ಆದರೆ, ವಿಧಿ ನಡೆಯದೆ ಬರೀ ನೋಂದಣಿ ಮಾಡಿಸಿದ್ದು ಮದುವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಹಾಗಾಗಿ ವಿಧಿಯ ಫೋಟೊಗಳನ್ನು ಜೋಪಾನ ಮಾಡಿ.

ಕಾಲ ನವೆಂಬರ್ ಕೊನೆಯಿಂದ ಜನವರಿ. ಡಿಸೆಂಬರ್ ನಡುವಿಗೆ ಸೂರ್ಯ 5:50ರ ಹೊತ್ತಿಗೆ ಮುಳುಗುತ್ತಾನೆ, ನಾಲ್ಕಕ್ಕೇ ಶುರುಮಾಡಿ. ಹಿಂದಿನ ಎರಡು ದಿನ ಮಳೆ ಬಂದಿದ್ದರೆ ಎರೆ ಮಣ್ಣಿಗೆ ಕಾರು ಇಳಿಸಬೇಡಿ, ಗಾಲಿ ಹೂತುಬಿಡುತ್ತದೆ. ಒಣಗಿದ್ದರೂ ಬಿರುಕಿನಲ್ಲಿ ಕುರ್ಚಿ ಕಾಲು ಸಿಕ್ಕುತ್ತದೆ, ಜಮಖಾನವೇ ಚೆಂದ.

ಆಗ ತೊಗರಿ ಒಣಗಿ ನಿಂತಿರುತ್ತದೆ, ಒಂದು ಕಿಡಿ ಪಕ್ಕದ ಹೊಲದವರ ವರ್ಷದ ದುಡಿಮೆಯನ್ನೇ ಸುಡಬಹುದು. ಹೋಮಕುಂಡ ಬರಿ ನೆಲದ ಮೇಲಿರಲಿ, ಸುತ್ತ ಹತ್ತು ಅಡಿ ಕಸಕಡ್ಡಿ ತೆಗೆದಿರಲಿ, ಎರಡು ಕೊಡ ನೀರು ಪಕ್ಕದಲ್ಲಿರಲಿ. ವಚನ ಹೇಳಿ ಮದುವೆ ಮಾಡುವ ಮನೆಗಳಿಗೆ ಈ ಚಿಂತೆಯಿಲ್ಲ. ಮರ ಆರಿಸುವಾಗ ಕೊಂಬೆಗಳನ್ನು ತಲೆಯೆತ್ತಿ ನೋಡಿ: ಹೆಜ್ಜೇನಿದ್ದರೆ ಆ ಮರವೇ ಬೇಡ. ಹೊಗೆಗೆ, ಅತ್ತರಿನ ಘಾಟಿಗೆ ಅವು ಕೆರಳುತ್ತವೆ.

ಬೀದರಿನಲ್ಲಿ ವಾಯುಪಡೆಯ ನೆಲೆ ಇರುವುದರಿಂದ, ಡ್ರೋನ್ ತರಿಸುವ ಮೊದಲು ಕೇಂದ್ರ ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಕೆಂಪು ವಲಯದಲ್ಲಿ, ಅಂದರೆ ಅನುಮತಿ ಇಲ್ಲದೆ ಹಾರಿಸಬಾರದ ಕಡೆ, ಇದೆಯೇ ನೋಡಿ.

ಇಪ್ಪತ್ತೈದು ಮಂದಿಗೆ 20 ಲೀಟರಿನ ಎಂಟು ಕ್ಯಾನ್ ನೀರು: ನಾಲ್ಕು ಕುಡಿಯಲು, ನಾಲ್ಕು ಕೈ ತೊಳೆಯಲು. ಶೌಚಕ್ಕೆ ಹತ್ತಿರದ ಮನೆಯವರನ್ನು ವಾರ ಮೊದಲೇ ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ ಅಜ್ಜಿಯಂದಿರು ಬಾಯಿಬಿಟ್ಟು ಹೇಳದೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಊಟಕ್ಕೆ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೋಳಿಗೆ. ಯಾವುದನ್ನೂ ಅಲ್ಲಿ ಬಿಸಿ ಮಾಡಬೇಕಿಲ್ಲ, ಒಲೆ ಹೂಡುವ ಗೋಜೂ ಇಲ್ಲ.