ಸೋಡಾ ನೊರೆ ನೋಡೋಕೆ ಚೆಂದ, ಅಷ್ಟೇ

ಕಟ್ಟಿಕೊಂಡ ಸಿಂಕು, ಬಚ್ಚಲು ಬಿಡಿಸುವ ಬಗ್ಗೆ ನೀವು ಬರೆದ ಲೇಖನದಲ್ಲಿ, ಅಡುಗೆ ಸೋಡಾ ಮೇಲೆ ವಿನಿಗರ್ ಸುರಿದರೆ ಸಿಂಕಿನ ಬ್ಲಾಕ್ ಕರಗಿ ಹೋಗುತ್ತದೆ ಎಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಒಂದು ಕ್ಷಾರ, ಇನ್ನೊಂದು ಆಮ್ಲ. ಸೇರಿದ ಕೂಡಲೇ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಬೆರೆತ ನೀರು. ಬುಸುಬುಸು ಅನ್ನುವುದು ಬರೀ ಕಾರ್ಬನ್ ಡೈಆಕ್ಸೈಡ್. ಅದಕ್ಕೆ ಗಟ್ಟಿಯಾದ ಜಿಡ್ಡು ಕರಗುತ್ತಾ?

ನಮ್ಮದು ದಾವಣಗೆರೆ. ಭಾನುವಾರ ಮನೆಯಲ್ಲಿ ಬೆಣ್ಣೆ ದೋಸೆ ಆದರೆ ಸೋಮವಾರ ಸಿಂಕ್ ಕಟ್ಟುವುದು ಮಾಮೂಲಿ. ಎರಡು ಸಲ ಸೋಡಾ, ವಿನಿಗರ್ ಹಾಕಿ ಕಾದೆ, ನೀರು ಅಲ್ಲೇ ನಿಂತಿತ್ತು. ಆಮೇಲೆ ಕೆಳಗೆ ಬಕೆಟ್ ಇಟ್ಟು, ಬಾಟಲ್ ಟ್ರ್ಯಾಪ್‌ನ (ಸಿಂಕಿನ ಅಡಿ ಪೈಪಿನಲ್ಲಿರುವ ಬಾಟಲಿಯಂಥ ಭಾಗ) ಬುಡವನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿದೆ. ಒಳಗೆ ಬೂದು ಬಣ್ಣದ ಬೆಣ್ಣೆ ಮುದ್ದೆ. ಅದಕ್ಕೆ ಅಂಟಿಕೊಂಡು ದೋಸೆ ಹಿಟ್ಟು, ಒಗ್ಗರಣೆ ಮಂಡಕ್ಕಿಯ ಸಾಸಿವೆ, ಕರಿಬೇವು! ವಾಸನೆ ಮಾತ್ರ ಕೇಳಬೇಡಿ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ವಾಷರ್ ನೆಟ್ಟಗೆ ಕೂರಿಸಿ ಮತ್ತೆ ತಿರುಗಿಸಿದೆ. ಹತ್ತು ನಿಮಿಷದ ಕೆಲಸ.

ಕುದಿಯುವ ನೀರು ಸುರಿಯಿರಿ ಅಂತಲೂ ಹೇಳಿದ್ದೀರಿ. ಈಗ ಹೆಚ್ಚಿನ ಮನೆಗಳಲ್ಲಿ ಇರುವುದು ಪಿವಿಸಿ ಪೈಪು, ಸ್ವಾಮಿ. 100 ಡಿಗ್ರಿ ನೀರಿಗೆ ಅದು ಮೆತ್ತಗಾಗುತ್ತದೆ, ಜಾಯಿಂಟ್ ಸಡಿಲವಾಗಬಹುದು. ಕೈ ತಡೆಯುವಷ್ಟು ಬಿಸಿ ನೀರು, ಜೊತೆಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಬಚ್ಚಲ ಕೂದಲಿಗೆ ತುದಿ ಬಗ್ಗಿಸಿದ ತಂತಿ ಅಂದಿರಲ್ಲ, ಅದು ಮಾತ್ರ ನೂರಕ್ಕೆ ನೂರು ಸರಿ. ನಾವೂ ಹಾಗೇ ಎಳೆಯುವುದು. ದೋಸೆ ತಟ್ಟೆಯನ್ನಂತೂ ಈಗ ಮೊದಲು ಹಳೇ ಪೇಪರಿನಲ್ಲಿ ಒರೆಸಿಯೇ ಸಿಂಕಿಗೆ ಹಾಕುತ್ತೇವೆ.